ಬಿ.ಎಸ್ಸಿ. ನರ್ಸಿಂಗ್ ವಿದ್ಯಾರ್ಥಿಗಳ ಕಲಿಕೆ ಮತ್ತು ಮೌಲ್ಯಮಾಪನ ಕುರಿತು ಮನವಿ ಪತ್ರ

ಇವರಿಗೆ,
ಗೌರವಾನ್ವಿತ ಕುಲಪತಿಗಳು,
ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ,
ಜಯನಗರ, ಬೆಂಗಳೂರು.

ಇವರಿಂದ,
ಕಲಬುರಗಿ, ಬೀದರ್, ಯಾದಗಿರಿ ಹಾಗೂ ರಾಯಚೂರು ಜಿಲ್ಲೆಗಳ ಬಿ.ಎಸ್ಸಿ. ನರ್ಸಿಂಗ್ ವಿದ್ಯಾರ್ಥಿಗಳು.

ಮಾನ್ಯರೆ,

ವಿಷಯ: ವಾರ್ಡ್ ಕಲಿಕೆ, ರೆಕಾರ್ಡ್ ಬರವಣಿಗೆ, ಆಂತರಿಕ ಅಂಕ ಮತ್ತು ಪ್ರಾಯೋಗಿಕ ಪರೀಕ್ಷೆಗಳ ಬಗ್ಗೆ ಸಂಯೋಜಿತ ಕಾಲೇಜುಗಳಿಗೆ ಸ್ಪಷ್ಟ ಸುತ್ತೋಲೆ ಹೊರಡಿಸುವಂತೆ ಕೋರಿ.

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮ ಅವಗಾಹನೆಗೆ ತರಬಯಸುವುದೇನೆಂದರೆ, ನಾವು ಪಾಸಿನ ಅಂಕ ಇಳಿಸಿ ಎಂದು ಕೇಳಲು ಬಂದವರಲ್ಲ. ನರ್ಸಿಂಗ್ ವಿಷಯಗಳಲ್ಲಿ ಥಿಯರಿಗೂ ಪ್ರಾಕ್ಟಿಕಲ್‌ಗೂ ಬೇರೆ ಬೇರೆಯಾಗಿ ಶೇ. 50 ಬರಬೇಕು ಎಂಬ ನಿಯಮ ಹಾಗೆಯೇ ಇರಲಿ. ಪರೀಕ್ಷೆಗೆ ಕೂರಲು ಶೇ. 80 ಹಾಜರಾತಿ ಬೇಕು, ಪದವಿ ಕೈಗೆ ಸಿಗುವ ಮೊದಲು ಕ್ಲಿನಿಕಲ್ ಪೋಸ್ಟಿಂಗ್ ನೂರಕ್ಕೆ ನೂರು ಮುಗಿದಿರಬೇಕು ಎಂಬುದೂ ಇರಲಿ. ನಾಳೆ ರಾತ್ರಿ ಪಾಳಿಯಲ್ಲಿ ಒಂದಿಡೀ ವಾರ್ಡನ್ನು ನೋಡಿಕೊಳ್ಳಬೇಕಾದವರು ನಾವು. ಅರ್ಧಂಬರ್ಧ ಕಲಿತು ಹೊರಬಿದ್ದರೆ ಅದರ ನಷ್ಟ ಮಂಚದ ಮೇಲೆ ಮಲಗಿದವರಿಗೆ. ರೋಗಿಯ ಮಗ್ಗುಲಲ್ಲಿ ನಿಂತು ನಾವು ಏನು ಮಾಡಬಲ್ಲೆವು ಎಂಬುದಕ್ಕೆ ಅಂಕ ಕೊಡಿ ಎಂಬುದೇ ನಮ್ಮ ಕೋರಿಕೆ. ಈಗ ನಮಗೆ ಅಂಕ ಬೀಳುತ್ತಿರುವುದು ಹೆಚ್ಚಾಗಿ ಬರೆದದ್ದಕ್ಕೆ, ಹಾಜರಿದ್ದದ್ದಕ್ಕೆ, ಎದುರು ಮಾತಾಡದೆ ಇದ್ದದ್ದಕ್ಕೆ.

ಭಾರತೀಯ ಶುಶ್ರೂಷಾ ಪರಿಷತ್ತಿನ ಪರಿಷ್ಕೃತ ನಿಯಮಾವಳಿ 2021ರ ಜುಲೈನಲ್ಲಿ ಭಾರತದ ರಾಜಪತ್ರದಲ್ಲಿ ಪ್ರಕಟವಾಯಿತು. ವಾರ್ಷಿಕ ಪದ್ಧತಿ ಹೋಗಿ ಎಂಟು ಸೆಮಿಸ್ಟರ್ ಬಂದವು. ಕ್ರೆಡಿಟ್ ಬಂತು, ಸಾಮರ್ಥ್ಯ ಆಧಾರಿತ ಪಠ್ಯಕ್ರಮ ಬಂತು, ವಿದ್ಯಾರ್ಥಿ ಕೆಲಸ ಮಾಡುವುದನ್ನು ಕಣ್ಣೆದುರೇ ನೋಡಿ ಅಂಕ ಕೊಡುವ ‘ಓಸ್ಕಿ’ ಪರೀಕ್ಷೆ ಬಂತು. ಈ ಬದಲಾವಣೆಯನ್ನು ನಾವು ಸ್ವಾಗತಿಸಿದವರೇ. ತೊಂದರೆ ಏನೆಂದರೆ, ಹೊಸದು ಬಂದರೂ ಹಳೆಯದು ಹೋಗಲಿಲ್ಲ. ವರ್ಷವಿಡೀ ಹರಡಿಕೊಂಡಿದ್ದ ರೆಕಾರ್ಡು, ಚಾರ್ಟು, ಅಸೈನ್‌ಮೆಂಟುಗಳನ್ನು ಹಲವು ಕಾಲೇಜುಗಳು ಒಂದನ್ನೂ ಬಿಡದೆ ಸೆಮಿಸ್ಟರಿನ ಕೆಲವೇ ವಾರಗಳಿಗೆ ತುಂಬಿವೆ.

ಮೊದಲಿಗೆ ಈ ರೆಕಾರ್ಡುಗಳ ಮಾತನ್ನೇ ವಿವರವಾಗಿ ಹೇಳುತ್ತೇವೆ. ನಮ್ಮ ರಾತ್ರಿಗಳು ಹೋಗುತ್ತಿರುವುದು ಅಲ್ಲಿಯೇ. ಒಂದು ಪೋಸ್ಟಿಂಗ್ ಎಂದರೆ ಕೇರ್ ಪ್ಲಾನ್, ಕೇಸ್ ಸ್ಟಡಿ, ಕೇಸ್ ಪ್ರೆಸೆಂಟೇಷನ್, ಡ್ರಗ್ ಸ್ಟಡಿ, ಹೆಲ್ತ್ ಟಾಕ್, ಪ್ರೊಸೀಜರ್ ಬುಕ್, ಲಾಗ್ ಬುಕ್. ಎಲ್ಲವೂ ಕೈಬರಹದಲ್ಲೇ ಆಗಬೇಕು. ಶೀರ್ಷಿಕೆಗೆ ಒಂದು ಬಣ್ಣದ ಪೆನ್ನು, ಉಪಶೀರ್ಷಿಕೆಗೆ ಇನ್ನೊಂದು, ಅಂಚಿಗೆ ಸ್ಕೇಲಿನ ಗೆರೆ. ಗೆರೆ ಸೊಟ್ಟಗಾದರೆ ಹಾಳೆ ಹರಿದು ಮತ್ತೆ ಬರೆಯಬೇಕು. ಹೆರಿಗೆಯಾದ ತಾಯಿ ಎರಡು ದಿನಕ್ಕೆ ಕೂಸನ್ನೆತ್ತಿಕೊಂಡು ಊರಿಗೆ ಹೋಗಿರುತ್ತಾಳೆ. ಅವಳಿಗೆ ಮಾಡಬೇಕಾದ ಆರೈಕೆಯ ಯೋಜನೆಯನ್ನು ನಾವು ಮುಂದಿನ ಭಾನುವಾರ ಹಾಸ್ಟೆಲಿನಲ್ಲಿ ಕೂತು ಬರೆಯುತ್ತಿರುತ್ತೇವೆ. ಎದುರಿಗೆ ಸೀನಿಯರ್ ಒಬ್ಬರ ಹಳೆಯ ರೆಕಾರ್ಡು ತೆರೆದಿರುತ್ತದೆ. ಹೆಸರು, ವಯಸ್ಸು, ಬೆಡ್ ನಂಬರ್ ಬದಲಾಗುತ್ತವೆ, ಉಳಿದದ್ದು ಅದೇ. ಹೊಟ್ಟೆಯ ಆಪರೇಷನ್ ಆದವರಿಗೂ ಕಾಲು ಮುರಿದವರಿಗೂ ಕೊನೆಯ ಕಾಲಂನಲ್ಲಿ ಒಂದೇ ವಾಕ್ಯ: ರೋಗಿಯ ನೋವು ಸ್ವಲ್ಪ ಮಟ್ಟಿಗೆ ಕಡಿಮೆಯಾಗಿದೆ. ನೋವು ಕಡಿಮೆಯಾಯಿತೇ ಎಂದು ಅವರನ್ನು ಕೇಳಿದವರು ಯಾರೂ ಇಲ್ಲ. ಸಹಿ ಮಾಡುವ ಮೇಡಂಗೂ ಇದು ಗೊತ್ತು. ಅವರ ಮೇಜಿನ ಮೇಲೆ ಇಡೀ ಬ್ಯಾಚಿನ ಪುಸ್ತಕಗಳ ರಾಶಿ ಬಿದ್ದಿರುವಾಗ ಅವರನ್ನು ದೂರಿ ಫಲವಿಲ್ಲ.

ಕೇರ್ ಪ್ಲಾನ್ ಬರೆಯುವುದೇ ವ್ಯರ್ಥ ಎಂದು ನಾವು ಹೇಳುವುದಿಲ್ಲ. ರೋಗಿಯನ್ನು ನೋಡಿ, ತೊಂದರೆಗಳಲ್ಲಿ ಯಾವುದು ಮೊದಲು ಎಂದು ತೂಗಿ, ಮಾಡಿದ ಆರೈಕೆ ಫಲ ಕೊಟ್ಟಿತೇ ಎಂದು ಮತ್ತೆ ನೋಡುವ ಶಿಸ್ತು ಅದರಿಂದಲೇ ಬರಬೇಕು. ಆದ್ದರಿಂದ ಪ್ರತಿ ಪೋಸ್ಟಿಂಗ್‌ಗೆ ಇಂತಿಷ್ಟೇ ಬರಹ ಎಂದು ವಿಶ್ವವಿದ್ಯಾಲಯವೇ ಮಿತಿ ಹಾಕಬೇಕು. ಕೇರ್ ಪ್ಲಾನ್ ಎರಡು ಪುಟ ಮೀರಬಾರದು. ರೋಗಿ ಇನ್ನೂ ವಾರ್ಡಿನಲ್ಲಿ ಇರುವಾಗಲೇ ಅದನ್ನು ಬರೆದು, ಹಾಸಿಗೆಯ ಪಕ್ಕದಲ್ಲೇ ಬೋಧಕರು ನಾಲ್ಕು ಪ್ರಶ್ನೆ ಕೇಳಿ, ಅಲ್ಲಿಯೇ ಅಂಕ ಹಾಕಬೇಕು. ಟೈಪ್ ಮಾಡಿಕೊಡುವವರಿಗೆ ಅವಕಾಶವಿರಬೇಕು. ಬಣ್ಣದ ಪೆನ್ನಿಗೆ ಅಂಕವಿಲ್ಲ ಎಂದು ಸುತ್ತೋಲೆಯಲ್ಲಿ ಒಂದು ಸಾಲು ಸೇರಿಸಿದರೂ ನಮ್ಮ ಕೆಲವು ರಾತ್ರಿಗಳ ನಿದ್ದೆ ಉಳಿದೀತು.

ಎರಡನೆಯದು ಪೋಸ್ಟಿಂಗ್ ಗಂಟೆಗಳು. ಹತ್ತು ವಿದ್ಯಾರ್ಥಿಗಳಿಗೆ ಒಬ್ಬ ಬೋಧಕರು ಎಂಬುದು ಶುಶ್ರೂಷಾ ಪರಿಷತ್ತಿನ ಮಾನದಂಡ. ಎಷ್ಟೋ ವಾರ್ಡುಗಳಲ್ಲಿ ಬೆಳಿಗ್ಗೆ ಹಾಜರಿ ತೆಗೆದುಕೊಂಡವರು ಮತ್ತೆ ಕಾಣಿಸುವುದು ಬಸ್ ಹೊರಡುವ ಹೊತ್ತಿಗೆ. ನಡುವಿನ ಅವಧಿಯಲ್ಲಿ ನಾವು ಸ್ಯಾಂಪಲ್ ಹಿಡಿದು ಲ್ಯಾಬಿಗೆ ಹೋಗುತ್ತೇವೆ, ಎಕ್ಸ್‌ರೇಗೆ ಟ್ರಾಲಿ ತಳ್ಳುತ್ತೇವೆ, ಇಂಡೆಂಟ್ ತರುತ್ತೇವೆ, ಸಾಲಾಗಿ ಬಿ.ಪಿ. ನೋಡುತ್ತೇವೆ. ಯಾವ ಕೆಲಸವೂ ಕೀಳಲ್ಲ, ಮೊದಲ ವಾರ ಅದರಿಂದ ಕಲಿಯುವುದೂ ಇದೆ. ಮೂರನೇ ವರ್ಷದಲ್ಲೂ ಅದನ್ನೇ ಮಾಡುತ್ತಿದ್ದರೆ ಅದನ್ನು ಸಿಬ್ಬಂದಿ ಕೊರತೆ ತುಂಬಿಸುವುದು ಎನ್ನಬೇಕು. ಆದರೂ ಲಾಗ್ ಬುಕ್ಕಿನಲ್ಲಿ ಆ ಗಂಟೆಗಳೂ ಕಲಿಕೆಯ ಗಂಟೆಗಳೆಂದೇ ದಾಖಲಾಗುತ್ತವೆ. ಯಾವ ದಿನ ಯಾವ ಬೋಧಕರು ವಾರ್ಡಿನಲ್ಲಿ ಇದ್ದರು, ಯಾವ ಕೌಶಲವನ್ನು ತೋರಿಸಿಕೊಟ್ಟರು, ವಿದ್ಯಾರ್ಥಿ ಅದನ್ನು ಬರೀ ನೋಡಿದ್ದೇ, ನೆರವು ಪಡೆದು ಮಾಡಿದ್ದೇ, ತಾನೇ ಮಾಡಿದ್ದೇ ಎಂಬುದು ಲಾಗ್ ಬುಕ್ಕಿನಲ್ಲಿ ಕಾಣಬೇಕು. ವಿಶ್ವವಿದ್ಯಾಲಯದ ತಪಾಸಣಾ ತಂಡ ಕಾಲೇಜಿಗೆ ಬಂದಾಗ ಕಟ್ಟಡದ ಜೊತೆಗೆ ಈ ಪುಸ್ತಕಗಳನ್ನೂ ತೆರೆದು ನೋಡಬೇಕು, ಮೊದಲೇ ತಿಳಿಸದೆ ಒಂದು ವಾರ್ಡಿಗೂ ಹೋಗಿಬರಬೇಕು. ಸೆಷನಲ್ ಅಥವಾ ಸೆಮಿಸ್ಟರ್ ಪರೀಕ್ಷೆಯ ಹಿಂದಿನ ರಾತ್ರಿ ನೈಟ್ ಡ್ಯೂಟಿ ಹಾಕಬಾರದು. ಕಾಯಿಲೆ ಬಿದ್ದು ತಪ್ಪಿಹೋದ ಪೋಸ್ಟಿಂಗನ್ನು ರಜೆಯಲ್ಲಿ ಪೂರೈಸಲು ನಾವು ಸಿದ್ಧ. ಅದಕ್ಕೆ ದಿನದ ಲೆಕ್ಕದಲ್ಲಿ ದಂಡ ಕಟ್ಟಿಸಿಕೊಳ್ಳುವುದು ನಿಲ್ಲಬೇಕು.

ಆಂತರಿಕ ಅಂಕಗಳ ವಿಚಾರ ಇದಕ್ಕಿಂತ ಸೂಕ್ಷ್ಮ. ಥಿಯರಿಯ 100 ಅಂಕಗಳಲ್ಲಿ 25 ಕಾಲೇಜಿನ ಕೈಯಲ್ಲಿವೆ: 10 ನಿರಂತರ ಮೌಲ್ಯಮಾಪನಕ್ಕೆ, 15 ಸೆಷನಲ್ ಪರೀಕ್ಷೆಗಳಿಗೆ. ಪ್ರಾಕ್ಟಿಕಲ್‌ನಲ್ಲಿ ಕಾಲೇಜಿನ ಪಾಲು ಇನ್ನೂ ದೊಡ್ಡದು. ನಿಯಮದ ಪ್ರಕಾರ ಹಾಜರಾತಿಗೆ ಸಿಗುವುದು ಇದರಲ್ಲಿ ತೀರ ಸಣ್ಣ ಅಂಶ. ಆದರೆ ‘ಇಂಟರ್ನಲ್ಸ್ ನಮ್ಮ ಕೈಯಲ್ಲಿದೆ’ ಎಂಬ ಮಾತು ಕಾರಿಡಾರಿನಲ್ಲಿ ಕೇಳಿಬಂದರೆ ಸಾಕು, ಹಾಸ್ಟೆಲ್ ಊಟ ಸರಿಯಿಲ್ಲ ಎನ್ನುವವರೂ ಬಾಯಿ ಮುಚ್ಚುತ್ತಾರೆ. ವಾರ್ಡಿನಲ್ಲಿ ಆದ ತಪ್ಪನ್ನು ಕೂಡಲೇ ಹೇಳಿಕೊಳ್ಳುವ ಧೈರ್ಯ ನರ್ಸ್‌ಗೆ ಇರಬೇಕು ಎಂದು ತರಗತಿಯಲ್ಲಿ ಕಲಿಸುತ್ತಾರೆ. ಹೇಳಿಕೊಂಡರೆ ಅಂಕ ಹೋಗುತ್ತದೆ ಎಂದು ವಾರ್ಡು ಕಲಿಸುತ್ತದೆ. ಆದಕಾರಣ ಆಂತರಿಕ ಅಂಕಗಳನ್ನು ವಿಶ್ವವಿದ್ಯಾಲಯಕ್ಕೆ ಕಳುಹಿಸುವ ಕನಿಷ್ಠ ಏಳು ದಿನ ಮೊದಲು ಬಿಡಿಬಿಡಿಯಾಗಿ ವಿದ್ಯಾರ್ಥಿಗೆ ತೋರಿಸಿ ಸಹಿ ಪಡೆಯುವುದನ್ನು ಕಡ್ಡಾಯ ಮಾಡಬೇಕು. ವರ್ತನೆಗೆ ಅಂಕ ಕಡಿತ ಮಾಡಿದ್ದರೆ ಯಾವ ದಿನದ ಯಾವ ವರ್ತನೆ ಎಂದು ಬರೆದಿರಬೇಕು.

ಓಸ್ಕಿ ಬಗ್ಗೆ ಒಂದು ಮಾತು. 1975ರಲ್ಲಿ ಸ್ಕಾಟ್ಲೆಂಡಿನ ಡಂಡೀಯಲ್ಲಿ ರೊನಾಲ್ಡ್ ಹಾರ್ಡನ್ ಮತ್ತು ಸಂಗಡಿಗರು ಇದನ್ನು ವೈದ್ಯಕೀಯ ವಿದ್ಯಾರ್ಥಿಗಳಿಗಾಗಿ ರೂಪಿಸಿದರು. ಯಾವ ರೋಗಿ ಸಿಕ್ಕರು, ಯಾವ ಪರೀಕ್ಷಕರು ಬಂದರು ಎಂಬ ಅದೃಷ್ಟದ ಆಟವನ್ನು ಕಡಿಮೆ ಮಾಡುವುದು ಅವರ ಉದ್ದೇಶವಾಗಿತ್ತು. ಎಲ್ಲರಿಗೂ ಅದೇ ಮೇಜು, ಅಷ್ಟೇ ನಿಮಿಷ, ಒಂದೇ ಚೆಕ್‌ಲಿಸ್ಟ್. ನಮ್ಮಲ್ಲಿ ಕೆಲವೆಡೆ ಮೇಜುಗಳನ್ನು ಹಾಕುತ್ತಾರೆ, ಚೆಕ್‌ಲಿಸ್ಟ್ ಪರೀಕ್ಷಕರ ಮನಸ್ಸಿನಲ್ಲಿರುತ್ತದೆ. ಅದನ್ನು ಮುದ್ರಿಸಿ ಸೆಮಿಸ್ಟರಿನ ಆರಂಭದಲ್ಲೇ ಕೊಡಿ. ಕ್ಯಾತಿಟರ್ ಹಾಕುವಾಗ ಯಾವ ಹಂತಕ್ಕೆ ಎಷ್ಟು ಅಂಕ ಎಂದು ಮೊದಲೇ ತಿಳಿದರೆ ಯಾರೂ ಮೋಸ ಮಾಡಲಾರರು, ಕಲಿತುಕೊಂಡು ಬರುತ್ತಾರೆ. ಜೊತೆಗೆ, ಬಾಹ್ಯ ಪರೀಕ್ಷಕರ ಊಟ, ವಾಹನ, ಉಡುಗೊರೆಯ ಹೆಸರಿನಲ್ಲಿ ವಿದ್ಯಾರ್ಥಿಗಳಿಂದ ವಂತಿಗೆ ಎತ್ತುವುದನ್ನು ನಿಷೇಧಿಸಿ, ದೂರಿಗೆ ಒಂದು ಫೋನ್ ಸಂಖ್ಯೆಯನ್ನು ಪ್ರವೇಶಪತ್ರದ ಮೇಲೆಯೇ ಅಚ್ಚು ಹಾಕಿಸಬೇಕು.

ಒಂದು ಕಡೆ ನಾವೇ ಕಟ್ಟುನಿಟ್ಟನ್ನು ಬೇಡುತ್ತೇವೆ. ನಾಲ್ಕು ಗಂಟೆಯಲ್ಲಿ 500 ಮಿ.ಲೀ. ಡ್ರಿಪ್ ಮುಗಿಯಬೇಕು, ಸೆಟ್‌ನಲ್ಲಿ ಒಂದು ಮಿ.ಲೀ.ಗೆ 20 ಹನಿ ಎಂದರೆ ನಿಮಿಷಕ್ಕೆ ಸುಮಾರು 42 ಹನಿ ಬೀಳಬೇಕು. ಈ ಲೆಕ್ಕ ಬಾರದವರು ಉಳಿದ ಪ್ರಶ್ನೆಗಳಲ್ಲಿ ಅಂಕ ತೆಗೆದು ಪಾಸಾಗಬಹುದು, ಶೇ. 50ರ ನಿಯಮ ಅವರನ್ನು ತಡೆಯುವುದಿಲ್ಲ. ಬ್ರಿಟನ್ನಿನ ನರ್ಸಿಂಗ್ ಆ್ಯಂಡ್ ಮಿಡ್‌ವೈಫರಿ ಕೌನ್ಸಿಲ್‌ನ 2018ರ ಮಾನದಂಡಗಳ ಪ್ರಕಾರ ಔಷಧ ಲೆಕ್ಕದ ಪರೀಕ್ಷೆಯಲ್ಲಿ ನೂರಕ್ಕೆ ನೂರು ಬಂದರಷ್ಟೇ ಪಾಸು. ನಮ್ಮ ಎಷ್ಟೋ ಸಹಪಾಠಿಗಳು ಮುಂದೆ ಆ ದೇಶಕ್ಕೇ ಕೆಲಸಕ್ಕೆ ಹೋಗುವವರು. ಇಲ್ಲಿಯೂ ಪ್ರತಿ ವರ್ಷ ಪ್ರತ್ಯೇಕ ಔಷಧ ಲೆಕ್ಕದ ಪರೀಕ್ಷೆ ಇಡಿ, ಎಲ್ಲ ಲೆಕ್ಕವೂ ಸರಿಯಾಗುವವರೆಗೆ ಮತ್ತೆ ಮತ್ತೆ ಬರೆಸಿ, ಅದಕ್ಕೆ ಶುಲ್ಕ ಮಾತ್ರ ಬೇಡ. ಪರೀಕ್ಷೆ ಬೇಡ ಎನ್ನುವ ಮನವಿಗಳೇ ತಮ್ಮ ಕಚೇರಿಗೆ ಹೆಚ್ಚಾಗಿ ಬರುತ್ತಿರಬಹುದು, ಪರೀಕ್ಷೆ ಬೇಕು ಎನ್ನುವ ಒಂದಾದರೂ ಇರಲಿ.

ನಮ್ಮಲ್ಲಿ ಬಹಳ ಮಂದಿ ಎಸ್ಸೆಸ್ಸೆಲ್ಸಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರು. ಮೊದಲ ಸೆಮಿಸ್ಟರಿನ ಅನಾಟಮಿ, ಫಿಸಿಯಾಲಜಿಯಲ್ಲಿ ಅವರು ಎಡವುವುದು ವಿಷಯ ತಿಳಿಯದೆ ಅಲ್ಲ, ಇಂಗ್ಲಿಷಿನಲ್ಲಿ ಬರೆಯಲಾಗದೆ. ಪರೀಕ್ಷಾ ಮಾಧ್ಯಮ ಬದಲಿಸಿ ಎಂದು ಕೇಳುತ್ತಿಲ್ಲ; ಮೊದಲ ವರ್ಷ ಸಂಜೆ ಹೊತ್ತು ಸೇತು ತರಗತಿ ನಡೆಸುವುದನ್ನು ಕಾಲೇಜುಗಳಿಗೆ ಕಡ್ಡಾಯ ಮಾಡಿ. ಇನ್ನೊಂದು ಮಗ್ಗುಲೂ ಇದೆ. ಸೇಡಂ ಕಡೆಯ ಅಜ್ಜಿಯೊಬ್ಬರು ‘ಎದ್ಯಾಗ ಚುಚ್ಚಿದಂಗ ಆಗ್ತದವ್ವಾ’ ಎಂದಾಗ ಯಾವಾಗಿನಿಂದ, ಯಾವ ಕಡೆ, ಬೆವರು ಬಂತೇ ಎಂದು ಕೇಳಬೇಕಾದ್ದು ಕನ್ನಡದಲ್ಲೇ. ಬೇರೆ ರಾಜ್ಯಗಳಿಂದ ಬಂದ ಗೆಳೆಯರಿಗೆ ಅದು ಬಾರದು, ಕಲಿಸುವ ಏರ್ಪಾಡೂ ಎಲ್ಲೆಡೆ ಇಲ್ಲ. ನಾವು ಕೊಡುವ ಹೆಲ್ತ್ ಟಾಕ್‌ಗೆ ಅಂಕ ಬೀಳುವುದು ಇಂಗ್ಲಿಷಿನ ಪಾಠಯೋಜನೆಯ ಕಡತಕ್ಕೆ. ಕೇಳಿದ ತಾಯಂದಿರಿಗೆ ಎಷ್ಟು ಅರ್ಥವಾಯಿತು ಎಂದು ನೋಡುವವರಿಲ್ಲ. ಪ್ರಾಯೋಗಿಕ ಪರೀಕ್ಷೆಯಲ್ಲಿ ರೋಗಿಯೊಡನೆ ಕನ್ನಡದಲ್ಲಿ ಮಾತಾಡಿ ವಿವರ ಪಡೆಯುವ ಒಂದು ಮೇಜನ್ನು ಸೇರಿಸುವಂತೆ ಕೋರುತ್ತೇವೆ.

ಹಿಂದಿನ ವಿಷಯ ಬಾಕಿ (ಬ್ಯಾಕ್) ಉಳಿದರೆ ಮುಂದಿನ ಹಂತದ ಪರೀಕ್ಷೆಗೆ ತಡೆ ಬೀಳುವುದರಿಂದ ಸಪ್ಲಿಮೆಂಟರಿ ಪರೀಕ್ಷೆಯ ದಿನಾಂಕ, ಫಲಿತಾಂಶದ ದಿನಾಂಕ ಎರಡನ್ನೂ ಶೈಕ್ಷಣಿಕ ವರ್ಷದ ಆರಂಭದಲ್ಲೇ ಪ್ರಕಟಿಸಬೇಕು. ಮೌಲ್ಯಮಾಪನವಾದ ಉತ್ತರ ಪತ್ರಿಕೆಯನ್ನು ನೋಡುವುದು ಮಾಹಿತಿ ಹಕ್ಕಿನಡಿ ವಿದ್ಯಾರ್ಥಿಯ ಹಕ್ಕು ಎಂದು ಸುಪ್ರೀಂ ಕೋರ್ಟ್ 2011ರ ಆಗಸ್ಟ್‌ನಲ್ಲಿ, ಸಿ.ಬಿ.ಎಸ್.ಇ. ಮತ್ತು ಆದಿತ್ಯ ಬಂದೋಪಾಧ್ಯಾಯ ಪ್ರಕರಣದಲ್ಲಿ ಹೇಳಿದೆ. ಸೆಷನಲ್ ಪತ್ರಿಕೆಗಳಿಗೂ ಕಾಲೇಜುಗಳು ಇದೇ ರೀತಿ ಪಾಲಿಸಲಿ. ಯು.ಜಿ.ಸಿ.ಯ 2023ರ ವಿದ್ಯಾರ್ಥಿ ಕುಂದುಕೊರತೆ ನಿಯಮಗಳು ಮೌಲ್ಯಮಾಪನದ ಅನ್ಯಾಯವನ್ನೂ ದೂರಿನ ವ್ಯಾಪ್ತಿಗೆ ತಂದಿವೆ. ಅದರಂತೆ ಸಮಿತಿ ರಚಿಸದ, ರಚಿಸಿಯೂ ಸದಸ್ಯರ ಹೆಸರನ್ನು ನೋಟಿಸ್ ಬೋರ್ಡಿಗೆ ಹಾಕದ ಕಾಲೇಜುಗಳ ಸಂಯೋಜನೆ ನವೀಕರಿಸುವಾಗ ಇದನ್ನು ಗಣನೆಗೆ ತೆಗೆದುಕೊಳ್ಳಬೇಕು.

ನಾವು ಕೇಳಿರುವುದಕ್ಕೆ ಹೊಸ ಕಾಯ್ದೆಯಾಗಲಿ, ಪಠ್ಯಕ್ರಮದ ಬದಲಾವಣೆಯಾಗಲಿ ಬೇಕಿಲ್ಲ. ಬಹುಪಾಲು ಬೇಡಿಕೆಗಳು ಈಗಿರುವ ನಿಯಮಗಳ ಒಳಗೇ ಸುತ್ತೋಲೆಗಳಿಂದ ಈಡೇರುವಂಥವು. ಮುಂದಿನ ಸೆಮಿಸ್ಟರಿನ ಆಂತರಿಕ ಅಂಕ ಕಳುಹಿಸುವ ಮೊದಲೇ, ಅಂಕ ತೋರಿಸುವ ಹಾಗೂ ರೆಕಾರ್ಡಿಗೆ ಮಿತಿ ಹಾಕುವ ಎರಡು ಆದೇಶಗಳನ್ನಾದರೂ ಹೊರಡಿಸಬೇಕೆಂದೂ, ಉಳಿದವುಗಳ ಚರ್ಚೆಗೆ ವಿದ್ಯಾರ್ಥಿಗಳು, ಬೋಧಕರು ಮತ್ತು ಆಸ್ಪತ್ರೆಗಳ ಶುಶ್ರೂಷಾಧಿಕಾರಿಗಳನ್ನು ಒಟ್ಟಿಗೆ ಕರೆಸಬೇಕೆಂದೂ ವಿನಂತಿಸುತ್ತೇವೆ. ಈ ಪತ್ರಕ್ಕೆ ಸಹಿ ಹಾಕಿದ ಕಾರಣಕ್ಕೆ ಯಾವ ವಿದ್ಯಾರ್ಥಿಯ ಆಂತರಿಕ ಅಂಕಕ್ಕೂ ಧಕ್ಕೆ ಬಾರದಂತೆ ಸಹಿಗಳ ಹಾಳೆಯನ್ನು ತಮ್ಮ ಕಚೇರಿಯಲ್ಲಿ ಗೋಪ್ಯವಾಗಿ ಇರಿಸಿಕೊಳ್ಳಬೇಕಾಗಿ ಪ್ರಾರ್ಥನೆ.



ತಮ್ಮ ವಿಧೇಯರು,
ಸಹಿ ಮಾಡಿರುವ ವಿದ್ಯಾರ್ಥಿಗಳು

ಸ್ಥಳ: ಕಲಬುರಗಿ
ಲಗತ್ತು: ಸಹಿಗಳ ಹಾಳೆ (ಮುಚ್ಚಿದ ಲಕೋಟೆಯಲ್ಲಿ), ಎರಡು ಪುಟದ ಕೇರ್ ಪ್ಲಾನ್ ಮಾದರಿ
ಪ್ರತಿ: ಕುಲಸಚಿವರು (ಮೌಲ್ಯಮಾಪನ), ಕರ್ನಾಟಕ ರಾಜ್ಯ ಶುಶ್ರೂಷಾ ಪರಿಷತ್ತು, ಬೆಂಗಳೂರು