ತವರಿಗೆ ಹೋದ ಬಸುರಿ ಯಾವ ಬಾಕ್ಸಲ್ಲಿ?

ಆಸ್ಪತ್ರೆ ಸಾಫ್ಟ್‌ವೇರ್ ಬರೆಯೋ ನಮ್ಮಂಥವರ ಮೇಲೆ ನನಗೇ ಸಿಟ್ಟು ಬಂದಿದೆ. ಹೇಳಿ ಮುಗಿಸ್ತೀನಿ, ಆಮೇಲೆ ಬೈಯೋರು ಬೈಯಿರಿ.

ನಾವು ಕೆಲಸ ಶುರು ಮಾಡೋದು ಹೇಗೆ ಗೊತ್ತಾ? ಆಸ್ಪತ್ರೆಯವರ ಫಾರಂ ಇಸ್ಕೊಳ್ತೀವಿ. ಅದರಲ್ಲಿ ನಲವತ್ತು ಕಾಲಂ ಇದ್ದರೆ ಸ್ಕ್ರೀನಲ್ಲೂ ನಲವತ್ತು. ಮೇಲೊಂದಿಷ್ಟು ಬಾಕ್ಸು, ಬಾಣ ಎಳೆದು 'ಪ್ರೋಸೆಸ್ ಮಾಡೆಲ್' ಅಂತೀವಿ. ಕೆಲಸ ಮಾಡೋರ ಹಿಂದೆ ಒಂದು ದಿನಾನೂ ನಡೆದಿರಲ್ಲ.

ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪ ತಗೊಳ್ಳಿ. ಸಂತ ಸೇವಾಲಾಲರು ಹುಟ್ಟಿದ ಊರು, ಫೆಬ್ರವರಿ ಜಾತ್ರೆಗೆ ಮಾಲಾಧಾರಿಗಳು ಎಲ್ಲೆಲ್ಲಿಂದಲೋ ನಡ್ಕೊಂಡು ಬರ್ತಾರೆ. ಈ ಸೀಮೆಯ ತಾಂಡಾಗಳಿಂದ ಕಾಫಿ ತೋಟಕ್ಕೆ, ಕಬ್ಬು ಕಡಿಯೋಕೆ ಸಂಸಾರ ಸಮೇತ ಗುಳೆ ಹೋಗೋರೂ ಇದ್ದಾರೆ. ಅಂಥ ಮನೆಯ ಬಸುರಿಯೊಬ್ಬಳನ್ನ ನೆನೆಸ್ಕೊಳ್ಳಿ. ಹೆಸರು ಬರೆಸಿದ್ದು ಗಂಡನ ಊರಲ್ಲಿ. ಮಧ್ಯೆ ಎರಡು ತಿಂಗಳು ತೋಟದ ಲೈನ್ ಮನೇಲಿ. ಚೊಚ್ಚಲ ಹೆರಿಗೆ, ಏಳನೇ ತಿಂಗಳಿಗೆ ತವರಿಗೆ ಹೊರಟಳು. ಆಸ್ಪತ್ರೇಲಿ ಹೆರಿಗೆಯಾದ ಮೇಲೆ 3, 7, 14, 21, 28, 42ನೇ ದಿನ ಆಶಾ ಕಾರ್ಯಕರ್ತೆ ಮನೆಗೆ ಹೋಗಿ ಮಗು ನೋಡಬೇಕು. ಯಾವ ಊರಿನ ಆಶಾ? ಗಂಡನ ಊರಿನ ಆಶಾ ಅಕ್ಕ ಅಷ್ಟು ತಿಂಗಳು ಅಲೆದದ್ದು ಯಾರ ಲೆಕ್ಕಕ್ಕೆ? ಇದು ಅಪರೂಪದ ಕೇಸಲ್ಲ ಸ್ವಾಮಿ, ನಮ್ಮ ಕಡೆ ಚೊಚ್ಚಲು ಅಂದ್ರೆ ತವರೇ. ನಮ್ಮ ಡಯಾಗ್ರಾಮಲ್ಲಿ ಮಾತ್ರ ಅದು 'ಎಕ್ಸೆಪ್ಶನ್'!

ಆಶಾಗಳಿಗೆ ಪ್ರೋತ್ಸಾಹಧನ ಬರೋದು ಒಂದೊಂದು ಕೆಲಸಕ್ಕೆ ಇಷ್ಟು ಅಂತ. ಆರ್‌ಸಿಎಚ್ ಪೋರ್ಟಲ್‌ಗೆ ಸರಿಯಾಗಿ ಏರದಿದ್ರೆ ಮಾಡಿದ ಕೆಲಸಕ್ಕೂ ದುಡ್ಡಿಲ್ಲ ಅಂತ ಅವರು ವರ್ಷಗಟ್ಟಲೆ ಕೂಗ್ತಿದ್ದಾರೆ. 2025ರ ಜನವರೀಲಿ ಬೆಂಗಳೂರಿನ ಫ್ರೀಡಂ ಪಾರ್ಕಲ್ಲಿ ಹಗಲು ರಾತ್ರಿ ಧರಣಿ ಕೂತಾಗಲೂ ಈ ದೂರಿತ್ತು. ಎಲ್ಲರ ಕಣ್ಣಿಗೂ ಬಿದ್ದಿದ್ದು ತಿಂಗಳಿಗೆ ಹತ್ತು ಸಾವಿರದ ಭರವಸೆ. ಪೋರ್ಟಲ್ ದೂರು ಓದಬೇಕಾಗಿದ್ದು ನಾವು, ಇಂಜಿನಿಯರುಗಳು.

ಹಳೇ ತಾಯಿ ಕಾರ್ಡ್ ನೋಡಿ. ಬಸುರಿ ಜೊತೆ ಚೀಲದಲ್ಲೇ ಹೋಗತ್ತೆ, ನೆಟ್‌ವರ್ಕ್ ಬೇಡ, ಯಾವ ಊರಿನ ಸಿಸ್ಟರ್ ಬೇಕಾದ್ರೂ ಬರೀಬಹುದು. ಹೆಣ್ಣುಮಕ್ಕಳು ಊರು ಬದಲಿಸ್ತಾರೆ ಅನ್ನೋದು ಆ ರಟ್ಟಿಗೆ ಗೊತ್ತು, ನಮ್ಮ ಡೇಟಾಬೇಸಿಗೆ ಗೊತ್ತಿಲ್ಲ.

ನಂಬರ್ ಇದೆಯಲ್ಲ, 2021ರಲ್ಲಿ ಶುರುವಾದ ಡಿಜಿಟಲ್ ಮಿಷನ್ನಿನ ಆಭಾ ಇದೆಯಲ್ಲ ಅಂತೀರಾ? ನಂಬರ್ ಅವಳು ಯಾರು ಅಂತ ಹೇಳತ್ತೆ. ಅವಳನ್ನ ಯಾರು ಯಾರಿಗೆ ಒಪ್ಪಿಸಿದರು ಅಂತ ಹೇಳಲ್ಲ. ನಾನಾದ್ರೆ ಮೊದಲ ಬಾಣ ಅಲ್ಲೇ ಎಳೀತೀನಿ: ಗಂಡನ ಊರಿನ ಆಶಾ ಅಕ್ಕನಿಂದ ತವರೂರಿನ ಆಶಾ ಅಕ್ಕನಿಗೆ, "ಇವಳು ಇವತ್ತು ಬಸ್ ಹತ್ತಿದ್ಲು ಕಣಕ್ಕ" ಅಂತ.