ಹಡಗುಗಳ ಗೋತ್ರವಿಚಾರ

ನಮ್ಮ ನೆರೆಮನೆಯವರು ನಿವೃತ್ತ ಇಂಜಿನಿಯರು. ಯಾವ ಕೆಲಸವನ್ನೂ ಕಾಗದದ ಮೇಲೆ ಗೆರೆ ಎಳೆಯದೆ ಆರಂಭಿಸಿದವರಲ್ಲ. ಅವರ ಮಗಳು, ಅಳಿಯ ಅಮೆರಿಕದ ನ್ಯೂಜೆರ್ಸಿಯಲ್ಲಿದ್ದಾರೆ. ಬರುವ ಚಳಿಗಾಲದಲ್ಲಿ ತಂದೆ ತಾಯಿಯನ್ನು ಕರೆಸಿಕೊಂಡು, ಅಲ್ಲಿ ಹಿಮ ಸುರಿಯುವ ದಿನಗಳಲ್ಲಿ ಒಂದು ವಾರ ಕೆರಿಬಿಯನ್ ಸಮುದ್ರದಲ್ಲಿ ಹಡಗಿನ ವಿಹಾರ ಮಾಡಿಸಬೇಕೆಂಬುದು ಮಕ್ಕಳ ಆಸೆ. "ಯಾವ ಕಂಪೆನಿಯ ಹಡಗು ಎಂಬುದನ್ನು ಮಾತ್ರ ನೀವೇ ಆರಿಸಿ, ಅಪ್ಪ" ಎಂದಳಂತೆ ಮಗಳು. ಕಳೆದ ಭಾನುವಾರ ಅವರು ಒಂದು ದೊಡ್ಡ ಹಾಳೆಯನ್ನು ತಂದು ನನ್ನ ಮುಂದೆ ಹರಡಿದರು. ಮೇಲಿನಿಂದ ಕೆಳಕ್ಕೆ ಹನ್ನೊಂದು ಕಂಪೆನಿಗಳ ಹೆಸರು. ಅಡ್ಡಸಾಲಿನಲ್ಲಿ ಊಟ, ಕೋಣೆ, ಈಜುಕೊಳ, ಮನರಂಜನೆ, ದರ. ಒಂದೊಂದು ಮನೆಗೂ ಅಂಕ.

"ರಾಯರೇ, ನೀವು ಒಮ್ಮೆ ಹೋಗಿ ಬಂದವರು. ಯಾವುದಾಗಬಹುದು, ಹೇಳಿ" ಎಂದರು.

ಹೆಣ್ಣು ಗಂಡಿನ ಜಾತಕ ಹೊಂದಿಸುವಾಗಲೂ ಯಾರೂ ಇಷ್ಟು ಶ್ರದ್ಧೆ ವಹಿಸಿದ್ದನ್ನು ನಾನು ಕಂಡಿಲ್ಲ. ಆದರೆ ಜಾತಕ ನೋಡುತ್ತಿದ್ದ ನಮ್ಮ ಹಿರಿಯರು ಗುಣ ಎಣಿಸುವ ಮೊದಲು ಗೋತ್ರ ಯಾವುದೆಂದು ಕೇಳುತ್ತಿದ್ದರು. ಇಂಜಿನಿಯರು ಅದೊಂದನ್ನು ಮರೆತಿದ್ದರು.

ಅವರ ಪಟ್ಟಿಯನ್ನೇ ನೋಡೋಣ. ಕಾರ್ನಿವಲ್, ಪ್ರಿನ್ಸೆಸ್, ಹಾಲೆಂಡ್ ಅಮೆರಿಕ, ಕ್ಯೂನಾರ್ಡ್: ಈ ನಾಲ್ಕೂ ಒಂದೇ ಮನೆತನ. ಕಾರ್ನಿವಲ್ 1972ರಲ್ಲಿ ಒಂದು ಹಳೆಯ ಹಡಗಿನೊಡನೆ ಹುಟ್ಟಿತು. ಮೊದಲ ಯಾತ್ರೆಯಲ್ಲೇ ಆ ಹಡಗು ಮಯಾಮಿಯ ಬಾಗಿಲಲ್ಲಿ ಮರಳಿಗೆ ಸಿಕ್ಕಿ ನಿಂತಿತು. ಅಲ್ಲಿಂದ ಎದ್ದವರು 1873ರ ಹಾಲೆಂಡ್ ಅಮೆರಿಕವನ್ನು 1989ರಲ್ಲಿ, 1840ರ ಕ್ಯೂನಾರ್ಡನ್ನು 1998ರಲ್ಲಿ, ಪ್ರಿನ್ಸೆಸ್ಸನ್ನು 2003ರಲ್ಲಿ ಕೊಂಡುಕೊಂಡರು. ರಾಯಲ್ ಕೆರಿಬಿಯನ್ ಮತ್ತು ಸೆಲೆಬ್ರಿಟಿ ಇನ್ನೊಂದು ಮನೆತನ. ನಾರ್ವೀಜಿಯನ್, ಓಷಿಯಾನಿಯಾ, ರೀಜೆಂಟ್ ಮೂರನೆಯದು. ಹನ್ನೊಂದರಲ್ಲಿ ಒಂಬತ್ತು ಮೂರೇ ತಿಜೋರಿಗಳಿಗೆ ಸೇರಿದವು. ಉಳಿದ ಎರಡರಲ್ಲಿ ಒಂದು ಎಂಎಸ್‌ಸಿ, ಜಿನೀವಾದಲ್ಲಿ ಕುಳಿತು ಲೋಕದ ಸರಕು ಸಾಗಿಸುವ ಕುಟುಂಬದ್ದು. ಇನ್ನೊಂದು ಡಿಸ್ನಿ, ಇಲಿಯ ಚಿತ್ರದಿಂದ ಬೆಳೆದದ್ದು.

ಒಂದೇ ಮನೆಯ ಮಕ್ಕಳಲ್ಲೂ ಗುಣಭೇದವಿಲ್ಲವೇ ಎಂದು ಯಾರಾದರೂ ಕೇಳಬಹುದು. ಉಂಟು. ಕಾರ್ನಿವಲ್ ಹಡಗಿನಲ್ಲಿ ಗಲಾಟೆ ಹೆಚ್ಚು, ಹಾಲೆಂಡ್ ಅಮೆರಿಕದಲ್ಲಿ ತಲೆ ನರೆತವರು ಹೆಚ್ಚು, ರೀಜೆಂಟಿನಲ್ಲಿ ದರ ಹೆಚ್ಚು. ದಿಂಬಿನ ಮೆತ್ತನೆಯಲ್ಲಿ, ಕಾಫಿಯ ಲೋಟದಲ್ಲಿ ವ್ಯತ್ಯಾಸವಿರುತ್ತದೆ. ನನ್ನ ತಕರಾರು ಅದಲ್ಲ. ಮನುಷ್ಯ ಹತ್ತು ಸಾವಿರ ಮೈಲಿ ಹೋಗುವುದು ದಿಂಬಿಗಾಗಿಯೇ? ಹಾಳೆಯಲ್ಲಿ ಹನ್ನೊಂದು ಕಂಪೆನಿಗಳಿದ್ದವು. ಒಂದೇ ಒಂದು ದ್ವೀಪದ ಹೆಸರಿರಲಿಲ್ಲ. ಕೆರಿಬಿಯನ್ನಿಗೆ ಹೋಗುವವರ ಹಾಳೆಯಲ್ಲಿ ಕೆರಿಬಿಯನ್ನೇ ಇಲ್ಲ! ಇದು ಇಂಜಿನಿಯರ ತಪ್ಪೆಂದು ನಾನು ಹೇಳಲಾರೆ. ಪ್ರಶ್ನೆಯನ್ನು ಹೀಗೆ ಕೇಳಬೇಕೆಂದು ಜಾಹೀರಾತುಗಳೇ ನಮಗೆ ಕಲಿಸಿವೆ. ಹಡಗೇ ಊರು, ಊರು ಬರಿಯ ನಿಲ್ದಾಣ ಎಂಬ ಪಾಠ ಅದು.

ಈ ಪಾಠ ಎಲ್ಲಿಗೆ ಬಂದು ನಿಂತಿದೆ ನೋಡಿ. 2024ರ ಜನವರಿಯಲ್ಲಿ ಮಯಾಮಿಯಿಂದ ಹೊರಟ 'ಐಕಾನ್ ಆಫ್ ದಿ ಸೀಸ್' ಎಂಬ ಹಡಗಿಗೆ ಇಪ್ಪತ್ತು ಅಂತಸ್ತು; ತುಂಬಿದಾಗ ಏಳು ಸಾವಿರದ ಆರುನೂರು ಯಾತ್ರಿಕರು. ನಮ್ಮ ಒಂದು ದೊಡ್ಡ ಗ್ರಾಮವೇ ನೀರಿನ ಮೇಲೆ ಹೊರಟಂತೆ. ಇಷ್ಟು ಜನ ಒಂದೇ ಬೆಳಿಗ್ಗೆ ಇಳಿದರೆ ತಾಳುವ ಪೇಟೆ ಆ ದ್ವೀಪಗಳಲ್ಲಿ ಎಷ್ಟಿವೆ? ಅದಕ್ಕೂ ಕಂಪೆನಿಗಳು ಉಪಾಯ ಕಂಡುಕೊಂಡಿವೆ: ತಮ್ಮದೇ ದ್ವೀಪ. ನಾರ್ವೀಜಿಯನ್‌ನವರು 1977ರಲ್ಲೇ ಬಹಾಮಾಸ್‌ನಲ್ಲಿ ಗ್ರೇಟ್ ಸ್ಟಿರಪ್ ಕೇ ಕೊಂಡರು. ಪಕ್ಕದ ಲಿಟಲ್ ಸ್ಟಿರಪ್ ಕೇ ರಾಯಲ್ ಕೆರಿಬಿಯನ್‌ನವರ ಕೈಯಲ್ಲಿ 'ಕೋಕೋ ಕೇ' ಆಯಿತು. ಲಿಟಲ್ ಸ್ಯಾನ್ ಸಾಲ್ವಡಾರ್ 'ಹಾಫ್ ಮೂನ್ ಕೇ' ಆಯಿತು. ಎಂಎಸ್‌ಸಿ ಮರಳು ತೆಗೆಯುತ್ತಿದ್ದ ಒಂದು ಜಾಗವನ್ನು ವಿಹಾರ ದ್ವೀಪ ಮಾಡಿತು. ಕಾರ್ನಿವಲ್ 2025ರ ಜುಲೈನಲ್ಲಿ ಗ್ರ್ಯಾಂಡ್ ಬಹಾಮಾದಲ್ಲಿ ತನ್ನದೇ ತೀರ ತೆರೆಯಿತು. ಕಾರ್ಯಕ್ರಮದ ಪಟ್ಟಿಯಲ್ಲಿ 'ಬಹಾಮಾಸ್' ಎಂದು ಬರೆದಿರುತ್ತದೆ. ಇಳಿದರೆ ಅಲ್ಲಿ ಊರಿಲ್ಲ, ಶಾಲೆಯಿಲ್ಲ, ಸಂತೆಯಿಲ್ಲ. ಇರುವುದು ಕಂಪೆನಿಯ ಕೊಡೆ, ಕಂಪೆನಿಯ ಕುರ್ಚಿ, ಕಂಪೆನಿಯ ಗಲ್ಲಾಪೆಟ್ಟಿಗೆ. ಹೋಟೆಲಿನವನು ಊಟಕ್ಕೂ ದುಡ್ಡು ತೆಗೆದುಕೊಂಡು, ಹೊರಗೆ ಅಡ್ಡಾಡಿ ಬರುತ್ತೇನೆಂದರೆ ತನ್ನದೇ ಹಿತ್ತಿಲಿಗೆ ಕಳಿಸಿದಂತಾಯಿತು.

ಇವುಗಳಲ್ಲಿ ಹೈಟಿ ದೇಶದ ಲಾಬಾಡೀ ಎಂಬ ತೀರದ ಕಥೆಯನ್ನು ನಾನು ಮರೆಯಲಾರೆ. ಬೇಲಿ ಹಾಕಿದ ಆ ತುಂಡುನೆಲವನ್ನು ಗುತ್ತಿಗೆ ಹಿಡಿದದ್ದು ರಾಯಲ್ ಕೆರಿಬಿಯನ್. 2010ರ ಜನವರಿ 12ರಂದು ಹೈಟಿಯಲ್ಲಿ ಭೂಕಂಪವಾಯಿತು. ರಾಜಧಾನಿ ಕುಸಿದು ಲಕ್ಷಾಂತರ ಜನ ಮನೆ ಕಳೆದುಕೊಂಡರು. ಮೂರು ದಿನಗಳಲ್ಲಿ ವಿಹಾರದ ಹಡಗು ಲಾಬಾಡೀಗೆ ಬಂದು ನಿಂತಿತು. ಅದರಲ್ಲಿ ಪರಿಹಾರದ ಸಾಮಗ್ರಿಯೂ ಇತ್ತು, ನಿಜ. ಬರದಿದ್ದರೆ ಅಲ್ಲಿನ ಕೂಲಿಕಾರರ ಕೂಲಿ ಹೋಗುತ್ತಿತ್ತು ಎಂಬ ವಾದವನ್ನೂ ನಾನು ತಳ್ಳಿಹಾಕುವುದಿಲ್ಲ. ಆ ದಿನ ತೀರಕ್ಕೆ ಇಳಿಯಲಾರದೆ ಹಡಗಿನಲ್ಲೇ ಉಳಿದ ಯಾತ್ರಿಕರೂ ಇದ್ದರು. ನನ್ನನ್ನು ಕಾಡುವುದು ಇಷ್ಟೆ: ಬೇಲಿಯ ಒಳಗಿದ್ದವರು ಇಳಿಯಬೇಕೋ ಬಾರದೋ ಎಂದು ಯೋಚಿಸಬಹುದಾಗಿತ್ತು; ಹೊರಗಿದ್ದವರಿಗೆ ಅಂಥ ಯೋಚನೆಯ ಸೌಕರ್ಯವಿರಲಿಲ್ಲ.

ಇನ್ನು ಬಾವುಟದ ವಿಚಾರ. ದೊಡ್ಡ ಮೂರು ಮನೆತನಗಳ ಕಚೇರಿ ಮಯಾಮಿಯಲ್ಲಿ, ಗಿರಾಕಿಗಳಲ್ಲಿ ಬಹುಪಾಲು ಅಮೆರಿಕದವರು. ಆದರೆ ಹಡಗಿನ ಹಿಂಭಾಗದಲ್ಲಿ ಹಾರುವುದು ಬಹಾಮಾಸ್, ಪನಾಮಾ, ಮಾಲ್ಟಾ, ಬರ್ಮುಡಾಗಳ ಬಾವುಟ. ಕಂಪೆನಿಗಳನ್ನು ಹುಟ್ಟುಹಾಕಿದ ಕಾಗದಗಳು ಪನಾಮಾ, ಲೈಬೀರಿಯಾ, ಬರ್ಮುಡಾಗಳಲ್ಲಿ ನೋಂದಣಿಯಾದವು. ಇದರಲ್ಲಿ ಗುಟ್ಟೇನೂ ಇಲ್ಲ, ಕಾನೂನಿಗೆ ವಿರೋಧವೂ ಅಲ್ಲ. ತೆರಿಗೆ ಮತ್ತು ಕೂಲಿಯ ಲೆಕ್ಕ, ಅಷ್ಟೆ. ಕಾನೂನಿಗೆ ವಿರೋಧವಾದದ್ದೂ ಉಂಟು. ಎಣ್ಣೆಯ ಕೊಳೆನೀರನ್ನು ಕದ್ದು ಸಮುದ್ರಕ್ಕೆ ಬಿಟ್ಟ ಪ್ರಕರಣಗಳಲ್ಲಿ ರಾಯಲ್ ಕೆರಿಬಿಯನ್ 1999ರಲ್ಲಿ 1 ಕೋಟಿ 80 ಲಕ್ಷ ಡಾಲರ್ ದಂಡಕ್ಕೆ ಒಪ್ಪಿತು. ನಾರ್ವೀಜಿಯನ್ 2002ರಲ್ಲಿ 10 ಲಕ್ಷ ಡಾಲರ್ ತೆತ್ತಿತು. ಪ್ರಿನ್ಸೆಸ್ 2016ರಲ್ಲಿ ತಪ್ಪೊಪ್ಪಿಕೊಂಡು 4 ಕೋಟಿ ಡಾಲರ್ ದಂಡ ಹೊತ್ತಿತು. ಆ ಕೊನೆಯ ಪ್ರಕರಣದ ಹಡಗಿನ ಹೆಸರು 'ಕೆರಿಬಿಯನ್ ಪ್ರಿನ್ಸೆಸ್'. ಆಮೇಲೂ ಷರತ್ತು ಮುರಿದದ್ದಕ್ಕಾಗಿ 2019ರಲ್ಲಿ ಒಡೆಯ ಕಂಪೆನಿ ಮತ್ತೆ 2 ಕೋಟಿ ಡಾಲರ್ ಕೊಟ್ಟಿತು. ಮೂರು ಮನೆತನಗಳೂ ಕಟಕಟೆ ಹತ್ತಿ ಬಂದಿರುವಾಗ, 'ಒಳ್ಳೆಯ ಕಂಪೆನಿ' ಎಂಬ ಸಾಲಿನಲ್ಲಿ ಅಂಕ ಹಾಕುವುದು ಹೇಗೆ?

ದ್ವೀಪದವರು ಸುಮ್ಮನೆ ಕುಳಿತಿಲ್ಲ. ಮೆಕ್ಸಿಕೋ 2024ರ ಕೊನೆಯಲ್ಲಿ ಹಡಗಿನ ಯಾತ್ರಿಕರಿಗೆ ತಲೆಗೆ 42 ಡಾಲರ್ ತೆರಿಗೆ ಎಂದಿತು; ಕಂಪೆನಿಗಳ ಒಕ್ಕೂಟ ಗುಡುಗಿದ ಮೇಲೆ ಸಂಧಾನವಾಗಿ 5 ಡಾಲರಿನಿಂದ ಆರಂಭಿಸಿ ಮೆಲ್ಲನೆ ಏರಿಸುವುದೆಂದಾಯಿತು. ಗ್ರ್ಯಾಂಡ್ ಕೇಮನ್ ದ್ವೀಪದ ಜನ ಹೆಚ್ಚು ಗಟ್ಟಿಗರು. ಅಲ್ಲಿ ದೊಡ್ಡ ಹಡಗುಗಳಿಗೆ ಕಟ್ಟೆಯಿಲ್ಲ. ದೂರದಲ್ಲಿ ಲಂಗರು ಹಾಕಿ ಸಣ್ಣ ದೋಣಿಗಳಲ್ಲಿ ಇಳಿಯಬೇಕು. ಕಟ್ಟೆ ಕಟ್ಟೋಣವೇ ಎಂದು 2025ರ ಏಪ್ರಿಲ್‌ನಲ್ಲಿ ಮತ ಕೇಳಿದಾಗ ಬಹುಮತದವರು ಬೇಡ ಎಂದರು.

ನಾನು ಹೋದದ್ದು ಮಗನ ಬಲವಂತಕ್ಕೆ, ಫ್ಲಾರಿಡಾದಿಂದ ಹೊರಟ ಏಳು ದಿನದ ಯಾತ್ರೆಯಲ್ಲಿ. ಕಂಪೆನಿಯ ಹೆಸರು ಇಲ್ಲಿ ಬೇಡ. ಮೂರು ದಿನ ಬರಿಯ ನೀರು, ಒಂದು ದಿನ ಕಂಪೆನಿಯ ದ್ವೀಪ, ಎರಡು ರೇವು. ನಮ್ಮ ಕೋಣೆ ಗುಡಿಸಿ ಹಾಸಿಗೆ ಸರಿಮಾಡುತ್ತಿದ್ದ ಹುಡುಗ ಮಂಗಳೂರಿನ ಕಡೆಯವನು. ಗೋವಾ, ಮುಂಬಯಿ, ಮಂಗಳೂರಿನಿಂದ ಈ ಕೆಲಸಕ್ಕೆ ಹೋದ ತರುಣರು ಬಹಳ. ನನ್ನ ಕನ್ನಡ ಕೇಳಿ ಅವನ ಮುಖ ಅರಳಿತು. ಎಂಟು ತಿಂಗಳ ಕರಾರು, ವಾರಕ್ಕೆ ಒಂದು ದಿನವೂ ಬಿಡುವಿಲ್ಲ. ಅಂತರರಾಷ್ಟ್ರೀಯ ಕಾರ್ಮಿಕ ಒಡಂಬಡಿಕೆಯೇ ಹಡಗಿನ ಕೆಲಸಗಾರರನ್ನು ವಾರಕ್ಕೆ 72 ಗಂಟೆಯವರೆಗೆ ದುಡಿಸಲು ಅವಕಾಶ ಕೊಟ್ಟಿದೆ. ಸೇಂಟ್ ಥಾಮಸ್ ಊರು ಹೇಗಿದೆಯಪ್ಪ ಎಂದು ನಾನು ಕೇಳಿದೆ.

"ಮೂವತ್ತು ಸಲ ಬಂದಿರಬಹುದು ಸರ್. ಗೇಟಿನ ಹೊರಗೆ ಒಂದು ಅಂಗಡಿ ಉಂಟು, ಅಲ್ಲಿ ವೈಫೈ ಸಿಗ್ತದೆ. ಅಲ್ಲಿ ಕೂತು ಅಮ್ಮನ ಹತ್ರ ಮಾತಾಡುದು, ವಾಪಸ್ ಬರುದು. ಒಳಗೆ ಊರು ಹೇಗುಂಟು ಅಂತ ಗೊತ್ತಿಲ್ಲ."

ನಾನು ಡಾಲರ್ ತೆತ್ತು ಹೋದವನು. ಸಾಲಿನಲ್ಲಿ ನಿಂತು ಇಳಿದು, ವಜ್ರದ ಅಂಗಡಿಗಳ ಬೀದಿಯಲ್ಲಿ ಮೂರು ಗಂಟೆ ಬೆವರಿ, ಮತ್ತೆ ಸಾಲಿನಲ್ಲಿ ನಿಂತು ಹತ್ತಿದೆ. ನನಗೂ ಊರು ಹೇಗುಂಟು ಎಂದು ಗೊತ್ತಾಗಲಿಲ್ಲ.

ಆ ದ್ವೀಪಗಳು ನಮಗೆ ಅಪರಿಚಿತವೇ? ಬ್ರಿಡ್ಜ್‌ಟೌನ್, ಕಿಂಗ್‌ಸ್ಟನ್, ಪೋರ್ಟ್ ಆಫ್ ಸ್ಪೇನ್: ನಡುರಾತ್ರಿ ರೇಡಿಯೋಗೆ ಕಿವಿ ಹಚ್ಚಿದ ನನ್ನ ವಯಸ್ಸಿನವರಿಗೆ ಇವು ಮೈಸೂರು, ಮಂಡ್ಯದಷ್ಟೇ ಪರಿಚಿತ. 1976ರಲ್ಲಿ ಪೋರ್ಟ್ ಆಫ್ ಸ್ಪೇನಿನಲ್ಲಿ ನಾನೂರಕ್ಕೂ ಹೆಚ್ಚು ಓಟಗಳನ್ನು ಬೆನ್ನಟ್ಟಿ ಗೆದ್ದಾಗ ನಮ್ಮ ಭದ್ರಾವತಿಯ ವಿಶ್ವನಾಥ್ 112 ಹೊಡೆದರು. ಅದೇ ಟ್ರಿನಿಡಾಡಿಗೆ 1845ರಲ್ಲಿ 'ಫತೇಲ್ ರಜಾಕ್' ಎಂಬ ಹಡಗು ಇನ್ನೂರಕ್ಕೂ ಮಿಕ್ಕ ಭಾರತೀಯ ಕೂಲಿಗಳನ್ನು ಕಬ್ಬಿನ ತೋಟಗಳಿಗೆ ಹೊತ್ತೊಯ್ದಿತ್ತು. ಅಂಥವರ ಮನೆಯಿಂದಲೇ ಮುಂದೆ ನೈಪಾಲ್ ಬಂದರು. ಸೇಂಟ್ ಲೂಸಿಯಾ ನೋಡಿ: ಎರಡು ಲಕ್ಷ ಜನರಿಲ್ಲದ ದ್ವೀಪ, ಇಬ್ಬರು ನೊಬೆಲ್ ಪುರಸ್ಕೃತರು. ಅರ್ಥಶಾಸ್ತ್ರಕ್ಕೆ 1979ರಲ್ಲಿ ಆರ್ಥರ್ ಲೂಯಿಸ್, ಸಾಹಿತ್ಯಕ್ಕೆ 1992ರಲ್ಲಿ ಡೆರೆಕ್ ವಾಲ್ಕಾಟ್. ಇಬ್ಬರೂ ಹುಟ್ಟಿದ್ದು ಜನವರಿ 23ರಂದು. ರಾಜಧಾನಿ ಕ್ಯಾಸ್ಟ್ರೀಸ್‌ನ ನಡುಚೌಕಕ್ಕೆ ಮೊದಲಿದ್ದ ಕೊಲಂಬಸನ ಹೆಸರನ್ನು ತೆಗೆದು ಕವಿಯ ಹೆಸರಿಟ್ಟ ಜನ ಅವರು. ಈ ಚೌಕದಲ್ಲಿ ಅರ್ಧ ಗಂಟೆ ಕುಳಿತು ಬರುವುದಕ್ಕೆ ಯಾವ ಹಡಗು ಅವಕಾಶ ಕೊಡುತ್ತದೋ ಅದು ನನ್ನ ದೃಷ್ಟಿಯಲ್ಲಿ ಒಳ್ಳೆಯ ಹಡಗು.

ಮಂಡಿನೋವಿನ ವೃದ್ಧರು, ಸಣ್ಣ ಮೊಮ್ಮಕ್ಕಳು, ಮಾಂಸ ಮುಟ್ಟದವರು ಏನು ಮಾಡಬೇಕು ಎಂದು ಇಂಜಿನಿಯರ ಮಡದಿ ಕೇಳಿದರು. ಮಾತು ಸರಿಯಾಗಿದೆ. ದೊಡ್ಡ ಹಡಗಿನಲ್ಲಿ ಲಿಫ್ಟು ಉಂಟು, ವೈದ್ಯರುಂಟು, ಹೇಳಿಟ್ಟರೆ ಅನ್ನ, ದಾಲು ಸಿಗುತ್ತದೆ. ದಿನವೂ ಪೆಟ್ಟಿಗೆ ಕಟ್ಟುವ ತಾಪತ್ರಯವಿಲ್ಲ. 227 ಜನರ 'ರಾಯಲ್ ಕ್ಲಿಪ್ಪರ್' ಎಂಬ ಐದು ಕೂವೆಮರದ ಹಾಯಿಹಡಗು ಚಳಿಗಾಲದಲ್ಲಿ ಬಾರ್ಬಡೋಸಿನಿಂದ ಸಣ್ಣ ಸಣ್ಣ ದ್ವೀಪಗಳಿಗೆ ಹೋಗುತ್ತದೆ. ನನಗೆ ಅದರ ಮೇಲೆ ಕಣ್ಣು. ಆದರೆ ಅದರಲ್ಲಿ ಲಿಫ್ಟಿಲ್ಲ, ಆ ತಾಯಿಗೆ ಅದನ್ನು ಹೇಳುವುದು ಅನ್ಯಾಯ.

ಆಗಲಿ, ದೊಡ್ಡ ಹಡಗೇ ಇರಲಿ. ಫ್ಲಾರಿಡಾದಿಂದ ಹೊರಡುವುದನ್ನು ಬಿಡಿ. ನ್ಯೂಜೆರ್ಸಿಯಿಂದ ನಾಲ್ಕು ಗಂಟೆಯ ವಿಮಾನದಲ್ಲಿ ಪೋರ್ಟೊರಿಕೋದ ಸ್ಯಾನ್ ಹ್ವಾನಿಗೆ ಹೋಗಬಹುದು. ಅದು ಅಮೆರಿಕದ್ದೇ ನೆಲ. ಅಲ್ಲಿಂದ ಹೊರಡುವ ಹಡಗು ಮಾರನೆಯ ಬೆಳಿಗ್ಗೆಯೇ ದ್ವೀಪಗಳ ನಡುವೆ ಇರುತ್ತದೆ. ವಾರದಲ್ಲಿ ಐದಾರು ಊರು ಸಿಗುತ್ತವೆ, ಕಂಪೆನಿಯ ಹಿತ್ತಿಲಿನ ಕಾಟವೂ ಸಾಮಾನ್ಯವಾಗಿ ಇರುವುದಿಲ್ಲ. ಇನ್ನೊಂದು ಮಾತು: ಜನವರಿಯಲ್ಲಿ ಉತ್ತರದ ಶೀತಗಾಳಿ ಬಹಾಮಾಸ್‌ವರೆಗೆ ಇಳಿಯುತ್ತದೆ, ನೀರಿಗಿಳಿಯಲು ಮೈ ಜುಮ್ಮೆನ್ನುತ್ತದೆ, ದಕ್ಷಿಣದ ಬಾರ್ಬಡೋಸ್, ಗ್ರೆನೇಡಾಗಳಲ್ಲಿ ಆ ತೊಂದರೆಯಿಲ್ಲ. ಕ್ರಿಸ್‌ಮಸ್ ವಾರದ ಸುಲಿಗೆ ತಪ್ಪಿಸಿ ಜನವರಿಯ ಮೊದಲ ಪಕ್ಷ ಕಳೆಯುವುದರೊಳಗೆ ಹೊರಡಿ. ಮತ್ತೆ ಮತ್ತೆ ಪ್ರವೇಶಿಸಲು ಅನುಮತಿಯಿರುವ ಅಮೆರಿಕದ ವೀಸಾ ಇದೆಯೇ ಎಂದು ಮೊದಲೇ ನೋಡಿಕೊಳ್ಳಿ. ಹಡಗು ಹೊರದೇಶ ಮುಟ್ಟಿ ಹಿಂದಿರುಗುತ್ತದೆ.

ನಿನ್ನೆ ಸಂಜೆ ಇಂಜಿನಿಯರು ಹೊಸ ಹಾಳೆ ತಂದಿದ್ದರು. ಕಂಪೆನಿಗಳ ಹೆಸರು ಅಂಚಿಗೆ ಸರಿದು ಸಣ್ಣಕ್ಷರವಾಗಿದ್ದವು. ಎಡಸಾಲಿನಲ್ಲಿ ಊರುಗಳು, ಬಲಸಾಲಿನಲ್ಲಿ ಗಂಟೆಗಳು. ಕನ್ನಡಕ ಏರಿಸಿ ಕ್ಯಾಸ್ಟ್ರೀಸ್ ಎಂಬಲ್ಲಿ ಬೆರಳಿಟ್ಟರು.

"ಬೆಳಿಗ್ಗೆ ಎಂಟರಿಂದ ಸಂಜೆ ನಾಲ್ಕರವರೆಗೆ ಎನ್ನುತ್ತಾರೆ. ಇಳಿಯುವ ಸಾಲು, ಹತ್ತುವ ಸಾಲು ಕಳೆದು ಎಷ್ಟು ಉಳಿಯುತ್ತದೆ, ರಾಯರೇ?"