ಬಣ್ಣ ಸ್ವಲ್ಪ ಬೇರೆ ಇರಬಹುದಂತೆ!

ಸೀರೆ ಕೊಳ್ಳುವಾಗ ನಮ್ಮ ಕಡೆಯ ಹೆಂಗಸರು ಅಂಗಡಿಯ ಟ್ಯೂಬ್‌ಲೈಟನ್ನು ನಂಬುವುದಿಲ್ಲ. ಕೊಪ್ಪಳವಿರಲಿ, ಕುಷ್ಟಗಿ, ಯಲಬುರ್ಗಾ ಇರಲಿ, ಸೀರೆಯನ್ನು ಬಾಗಿಲ ತನಕ ತಂದು, ಬಿಸಿಲಿಗೆ ಹಿಡಿದು ನೋಡಿದ ಮೇಲೆಯೇ ದುಡ್ಡು ಬಿಚ್ಚುವುದು. ಇದನ್ನು ಕಂಡು ನಗುವ ಗಂಡಸರಿದ್ದಾರೆ. ನಗಲಿ ಬಿಡಿ. ಬಣ್ಣ ಬಟ್ಟೆಯಲ್ಲಷ್ಟೇ ಇರುವುದಿಲ್ಲ, ಬೀಳುವ ಬೆಳಕಿನಲ್ಲೂ ಇರುತ್ತದೆ ಎಂಬುದು ನಮಗೆ ಯಾರೂ ಪಾಠ ಮಾಡದೆ ಗೊತ್ತಾದ ಸತ್ಯ.

ಈಗ ಸೀರೆ ಮೊಬೈಲಿನೊಳಗೆ ಬಂದು ಕೂತಿದೆ. ಚಿತ್ರದ ಕೆಳಗೆ ಸಣ್ಣ ಅಕ್ಷರದಲ್ಲಿ ಒಂದು ಸಾಲು: ಬಣ್ಣದಲ್ಲಿ ಸ್ವಲ್ಪ ವ್ಯತ್ಯಾಸ ಇರಬಹುದು. ನನ್ನ ತಕರಾರಿರುವುದು ಈ ಸಾಲಿನ ಮೇಲೆಯೇ. 'ಪರದೆಯ ಗುಣವೇ ಹಾಗೆ' ಎಂದು ಕೈತೊಳೆದುಕೊಳ್ಳುವವರು ಅರ್ಧ ಸತ್ಯ ಹೇಳುತ್ತಾರೆ. ಒಬ್ಬೊಬ್ಬರ ಫೋನಿನ ಹೊಳಪು ಒಂದೊಂದು ಥರ, ಒಪ್ಪೋಣ. ಆದರೆ ಪರದೆ ಮುಟ್ಟುವ ಮೊದಲೇ ಬಣ್ಣ ಕೆಟ್ಟಿದ್ದರೆ ಅದು ಯಾರ ತಪ್ಪು?

ಕಂಪ್ಯೂಟರಿಗೆ ಬಣ್ಣ ಗೊತ್ತಿಲ್ಲ, ಅಂಕಿ ಮಾತ್ರ ಗೊತ್ತು. ಕೆಂಪಿಗೊಂದು, ಹಸಿರಿಗೊಂದು, ನೀಲಿಗೊಂದು ಅಂಕಿ. ಸಾಮಾನ್ಯವಾಗಿ ಸೊನ್ನೆಯಿಂದ 255ರ ತನಕ. ಗಂಗಾವತಿಯ ಅಕ್ಕಿ ಅಂಗಡಿಗೆ ಹೋಗಿ "ಐದು ಕೊಡ್ರಿ" ಎಂದರೆ ಅಂಗಡಿಯವನು ಏನು ಕೊಡಬೇಕು? ಐದು ಸೇರೋ, ಐದು ಕಿಲೋನೋ, ಐದು ಚೀಲವೋ? ಅಂಕಿಯ ಜೊತೆ ಅಳತೆ ಹೇಳಬೇಕು. ಬಣ್ಣದ ಅಂಕಿಗಳಿಗೂ ಅಂಥ ಅಳತೆ ಉಂಟು. ಅದಕ್ಕೆ ಕಲರ್ ಸ್ಪೇಸ್ ಎನ್ನುತ್ತಾರೆ. ಎಚ್‌ಪಿ ಮತ್ತು ಮೈಕ್ರೋಸಾಫ್ಟ್ ಕಂಪನಿಗಳು 1996ರಲ್ಲಿ ಮುಂದಿಟ್ಟ, 1999ರಲ್ಲಿ ಅಂತಾರಾಷ್ಟ್ರೀಯ ಮಾನಕವಾದ ಎಸ್‌ಆರ್‌ಜಿಬಿ ಎಂಬುದು ಹೆಚ್ಚು ಬಳಕೆಯಲ್ಲಿರುವ ಅಳತೆ. ಈಚಿನ ಎಷ್ಟೋ ಫೋನುಗಳು ಅದಕ್ಕಿಂತ ವಿಶಾಲವಾದ ಪಿ3 ಎಂಬ ಅಳತೆಯಲ್ಲಿ ಚಿತ್ರ ತೆಗೆಯುತ್ತವೆ. ಯಾವ ಅಳತೆ ಎಂದು ತಿಳಿಸುವ ಚೀಟಿಯೊಂದು ಚಿತ್ರದ ಜೊತೆಗೇ ಇರುತ್ತದೆ. ಕೈಯಿಂದ ಕೈಗೆ ದಾಟುವಾಗ ಆ ಚೀಟಿ ಕಿತ್ತುಹೋದರೆ ಪಿ3ರ ಅಂಕಿಗಳನ್ನೇ ಎಸ್‌ಆರ್‌ಜಿಬಿ ಎಂದು ಓದಲಾಗುತ್ತದೆ. ಇಳಕಲ್ ಸೀರೆಯ ಕೆಂಪು ಸೆರಗು ಕಳೆಗುಂದುತ್ತದೆ. ಸೀರೆ ವಾಪಸು ಬಂದಾಗ ಬೈಸಿಕೊಳ್ಳುವವರು ಮಾತ್ರ ನೇಕಾರರು!

ಸೀರೆಯದಾದರೂ ಒಂದು ಚಿತ್ರದ ಪಾಡು. ನಮ್ಮ ಕಿನ್ನಾಳದ ಗೊಂಬೆಯನ್ನು ಕಂಪ್ಯೂಟರಿನಲ್ಲಿ ತಿರುಗಿಸಿ ನೋಡುವಂತೆ ಮಾಡಲು ಹೊರಟರೆ ತೊಂದರೆ ಮೂರು ಪಟ್ಟು. ಕೊಪ್ಪಳ ತಾಲ್ಲೂಕಿನ ಕಿನ್ನಾಳದ ಚಿತ್ರಗಾರರು ಹಗುರ ಮರದಲ್ಲಿ ಗೊಂಬೆ ಕೆತ್ತುತ್ತಾರೆ. ಹುಣಸೆಬೀಜದ ಅಂಟು, ಮರದ ಹೊಟ್ಟು, ಗೋಣಿನಾರು ಸೇರಿಸಿದ ಕಿಟ್ಟದಿಂದ ಸಂದು ಮೆತ್ತುತ್ತಾರೆ. ಕಲ್ಲಿನ ಪುಡಿಯ ಮಿಶ್ರಣದಿಂದ ಒಡವೆಗಳನ್ನು ಉಬ್ಬಿಸಿ, ಬಣ್ಣ ಬಳಿದು, ತವರದಿಂದ ತಯಾರಿಸಿದ ಲಾಜವರದ ಹೊಳಪು ಕೊಡುತ್ತಾರೆ. ಅಂದರೆ ಬಣ್ಣ ಒಂದು, ಉಬ್ಬು ಒಂದು, ಹೊಳಪು ಒಂದು. ಕಂಪ್ಯೂಟರಿನ ಗೊಂಬೆಗೂ ಹೀಗೆಯೇ ಮೂರು ಚಿತ್ರಗಳ ಹೊದಿಕೆ. ಇವುಗಳನ್ನು ಟೆಕ್ಸ್‌ಚರ್ ಎನ್ನುತ್ತಾರೆ. ಎಡವಟ್ಟಾಗುವುದು ಇಲ್ಲೇ.

ನಮ್ಮ ಕಣ್ಣು ಕತ್ತಲಿನ ಛಾಯೆಗಳನ್ನು ಹೆಚ್ಚು ಸೂಕ್ಷ್ಮವಾಗಿ ಗುರುತಿಸುತ್ತದೆ. ಎಸ್‌ಆರ್‌ಜಿಬಿ ಅಂಕಿಗಳನ್ನು ಅದಕ್ಕೆ ತಕ್ಕಂತೆ ಜೋಡಿಸಿದ್ದಾರೆ. ಹೀಗಾಗಿ ಅದರ 128 ಎಂದರೆ ಅರ್ಧ ಬೆಳಕಲ್ಲ, ಸುಮಾರು ಶೇಕಡಾ 22 ಅಷ್ಟೇ. ಬಣ್ಣದ ಚಿತ್ರವನ್ನು ಮೊದಲು ನಿಜವಾದ ಬೆಳಕಿನ ಲೆಕ್ಕಕ್ಕೆ ತಂದು ಆಮೇಲೆ ದೀಪ ಹಾಯಿಸಬೇಕು. ತರದಿದ್ದರೆ ಗಾಢ ಕೆಂಪು ತೆಳುವಾಗಿ, ಸುಣ್ಣ ಬೆರೆಸಿದಂತೆ ಕಾಣುತ್ತದೆ. ಆದರೆ ಉಬ್ಬಿನ, ಹೊಳಪಿನ ಚಿತ್ರಗಳು ಬಣ್ಣಗಳೇ ಅಲ್ಲ, ಬರೀ ಅಳತೆಯ ಪಟ್ಟಿ. ಅಲ್ಲಿ 128 ಎಂದರೆ ಅರ್ಧ ಎಂದೇ ಅರ್ಥ. ಅದನ್ನೂ ಬಣ್ಣವೆಂದು ತಿಳಿದು ಪರಿವರ್ತಿಸಿದರೆ ಅರ್ಧ ಒರಟಾಗಿದ್ದ ಮೈ ಶೇಕಡಾ 22 ಒರಟಾಗಿ, ನುಣ್ಣಗೆ ಮಿಂಚುತ್ತದೆ. ಕಿನ್ನಾಳದ ಗರುಡ ಜಾತ್ರೆಯ ಪ್ಲಾಸ್ಟಿಕ್ ಗರುಡನಾಗುತ್ತಾನೆ!

ಇದಕ್ಕೆ ದೊಡ್ಡ ವಿದ್ಯೆ ಬೇಕೇ? ಇಲ್ಲ. ಪುಕ್ಕಟೆ ಸಿಗುವ ಬ್ಲೆಂಡರ್ ಎಂಬ ತಂತ್ರಾಂಶದಲ್ಲೂ ಪ್ರತಿ ಚಿತ್ರದ ಕೆಳಗೆ ಎಸ್‌ಆರ್‌ಜಿಬಿ, ನಾನ್-ಕಲರ್ ಎಂಬ ಆಯ್ಕೆಗಳಿವೆ. ಆದರೂ ಅದನ್ನು ನೋಡದೆ, ದೀಪ ಏರಿಸಿ, ಕಡಿಮೆ ಮಾಡಿ, "ಕಣ್ಣಿಗೆ ಸರಿ ಕಾಣುತ್ತಲ್ಲ" ಎನ್ನುವವರಿದ್ದಾರೆ. ಆ ಸರಿ ಆ ಒಂದು ದೀಪಕ್ಕೆ ಮಾತ್ರ. ಹಗಲಿನ ದೃಶ್ಯವನ್ನು ಸಂಜೆಗೆ ಬದಲಿಸಿ, ಬಣ್ಣ ಬಯಲಾಗುತ್ತದೆ.

ಚಂದ ಕಂಡರೆ ಸಾಕು ಎಂಬ ವಾದವನ್ನು ನಾನು ಒಪ್ಪಲಾರೆ. ಗೊಂಬೆಯನ್ನು ಕೈಯಲ್ಲಿ ಹಿಡಿಯದ ಮಕ್ಕಳು ನಾಳೆ ಈ ಚಿತ್ರವನ್ನೇ ಕಿನ್ನಾಳವೆಂದು ನಂಬುತ್ತಾರೆ. ಚಿತ್ರಗಾರರು ಕೈಯಾರೆ ತಂದ ಹೊಳಪನ್ನು ಆಯ್ಕೆಯೊಂದನ್ನು ಒತ್ತುವ ಸೋಮಾರಿತನಕ್ಕೆ ಕಳೆಯುವುದು ಯಾವ ನ್ಯಾಯ?

ನಿಮ್ಮ ಮಗಳು ಗ್ರಾಫಿಕ್ಸ್ ಕಲಿಯುತ್ತಿದ್ದರೆ ಕೇಳಿ: ಯಾವ ಚಿತ್ರ ಬಣ್ಣ, ಯಾವುದು ಅಳತೆ ಎಂದು ನಿಮ್ಮ ಮೇಷ್ಟ್ರು ಹೇಳಿಕೊಟ್ಟರೇ? ಸೀರೆಯ ಚಿತ್ರ ಹಾಕುವವರನ್ನೂ ಕೇಳಿ: ಹಗಲು ಬೆಳಕಿನಲ್ಲಿ, ಪಕ್ಕದಲ್ಲೊಂದು ಬೂದುಬಣ್ಣದ ಕಾರ್ಡ್ ಇಟ್ಟು ತೆಗೆದಿರಾ, ಅಳತೆಯ ಚೀಟಿ ಉಳಿಸಿದಿರಾ? ಉತ್ತರ ಕೊಟ್ಟ ಮೇಲೆ ಬೇಕಾದರೆ ಆ ಸಣ್ಣ ಅಕ್ಷರದ ಸಾಲು ಬರೆದುಕೊಳ್ಳಲಿ.